ಲೆಕ್ಕದಲ್ಲಿ ಬಿಟ್ಟ ಒಬ್ಬಳು

ಹಿಂದಿನ ಸಲ ಜನಗಣತಿಗೆ ಒಬ್ಬ ಹುಡುಗಿ ನಮ್ಮ ಓಣಿಗೆ ಬಂದಿದ್ದಳು. ಹೆಗಲಿಗೆ ಚೀಲ, ಕೈಯಲ್ಲಿ ರಟ್ಟು, ಹಣೆಯ ಮೇಲೆ ಬೆವರು. ಎದುರು ಮನೆಯ ಪಡಸಾಲೆಯಲ್ಲಿ ಕುಳಿತು ಒಂದೊಂದೇ ಕೇಳುತ್ತಿದ್ದಳು. ರೇಡಿಯೋ ಇದೆಯಾ, ಟಿವಿ ಇದೆಯಾ, ಸೈಕಲ್ ಇದೆಯಾ. ನಾನು ಮೊಸರಿಗೆ ಹೆಪ್ಪು ಕೇಳಲು ಹೋದವಳು ಬಾಗಿಲಲ್ಲೇ ನಿಂತಿದ್ದೆ. ಕೊನೆಗೆ ಹುಡುಗಿ, ಮನೆಯಲ್ಲಿ ಕಂಪ್ಯೂಟರ್ ಇದೆಯಾ ಎಂದು ಕೇಳಿದಳು.

"ಎಲ್ಲೀದ್ರಿ ಕಂಪ್ಯೂಟರು? ನಾವು ಒಕ್ಕಲು ಮಂದಿ" ಅಂದಳು ಎದುರು ಮನೆಯಾಕೆ.

ಆಕೆಯ ಬೆನ್ನ ಹಿಂದೆ, ಮೂಲೆಯ ಮೇಜಿನ ಮೇಲೆ, ಹೂವಿನ ಕಸೂತಿಯ ಬಟ್ಟೆ ಹೊದ್ದುಕೊಂಡು ಕಂಪ್ಯೂಟರು ಕುಳಿತಿತ್ತು. ಬಟ್ಟೆ ಸ್ವಲ್ಪ ಸರಿದ ಕಡೆ ಕುಂಕುಮದ ಬೊಟ್ಟು ಕೂಡ ಕಾಣುತ್ತಿತ್ತು. ಹುಡುಗಿ ಪಾಪ, ತಲೆ ಎತ್ತದೆ 'ಇಲ್ಲ' ಎಂದು ಬರೆಯಲು ಹೊರಟಳು.

ನನಗೆ ನಗು ಬಂತು. ಅದು ನನಗೆ ಗುರುತಿದ್ದ 'ಇಲ್ಲ'. ಎಂಬತ್ತೊಂದರ ಜನಗಣತಿಯಲ್ಲಿ ಆ 'ಇಲ್ಲ'ವನ್ನು ಮನೆಮನೆಯಲ್ಲೂ ಕೇಳಿ, ಕೊನೆಗೆ ಅದರ ಮದ್ದನ್ನೂ ನಾನೇ ಕಂಡುಕೊಂಡಿದ್ದೆ. ಎದುರು ಮನೆಯಾಕೆಗೆ ಒಂದೇ ಒಂದು ಪ್ರಶ್ನೆ ಹಾಕಿದೆ. ಕಂಪ್ಯೂಟರು ತಾನಾಗಿಯೇ ಬಟ್ಟೆಯಿಂದ ಹೊರಗೆ ಬಂತು. ಹುಡುಗಿ ನನ್ನ ಮುಖ ನೋಡಿದಳು. ನಾನು ಹೆಪ್ಪು ಇಸಿದುಕೊಂಡು ಮನೆಗೆ ಬಂದೆ.

ಆ ಪ್ರಶ್ನೆ ಕಲಿತದ್ದು ಹೇಗೆಂದು ಬರೆಯಬೇಕೆಂದು ಅಂದೇ ಅನಿಸಿತ್ತು. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ಒತ್ತಕ್ಷರ ಬಂದಲ್ಲಿ ಬೆರಳು ತಡವರಿಸುತ್ತದೆ. 'ಅತ್ತೆ' ಎಂದು ಒತ್ತಿದ ಕೂಡಲೇ ಮುಂದಿನ ಪದ ಯಾವುದೆಂದು ಈ ಫೋನು ತಾನೇ ಹೇಳಿಕೊಡಲು ಬರುತ್ತದೆ. ನನ್ನ ಅತ್ತೆ ಮುಂದೆ ಏನನ್ನುತ್ತಾರೆಂದು ಅವರ ಜೊತೆ ಬಾಳಿದ ನನಗೇ ಗೊತ್ತಾಗುತ್ತಿರಲಿಲ್ಲ, ಇದಕ್ಕೇನು ಗೊತ್ತು.

ಆಗ ನಾನು ಗಡಿಯಾಚೆ, ತೆಲುಗು ಸೀಮೆಯ ಆಲೂರಿನ ಸೊಸೆ. ತವರು ಮದ್ದಿಕೇರ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ನಮ್ಮ ಇಬ್ಬರು ಮಕ್ಕಳು. ಗಂಡನಿಗೆ ಆದೋನಿಯ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸು. ನಾನು ಚಿಪ್ಪಗಿರಿ ರಸ್ತೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರು. ನಮ್ಮಂಥ ವೈಷ್ಣವರ ಮನೆಯಲ್ಲಿ ಸೊಸೆ ಬಸ್ಸು ಹತ್ತಿ ಕೆಲಸಕ್ಕೆ ಹೋಗುವುದು ಆಗಿನ್ನೂ ಹೊಸದು. ಅತ್ತೆ ಒಪ್ಪಿದ್ದರು, ಆದರೆ ಒಂದು ಕರಾರಿನ ಮೇಲೆ.

"ಹೋಗು, ಬ್ಯಾಡ ಅನ್ನೋದಿಲ್ಲ" ಅಂದಿದ್ದರು ಮೊದಲ ದಿನ. "ಆದ್ರ ಯಾವತ್ತು ಒಬ್ಬ ಅಧಿಕಾರಿ ನಿನ್ನ ಮ್ಯಾಲೆ ದೂರು ಹೊತ್ಕೊಂಡು ನಮ್ಮ ಹೊಸ್ತಿಲಿಗೆ ಬರ್ತಾನ, ಅವತ್ತಿಗೆ ನಿನ್ನ ಸಾಲಿ ಮುಗೀತು ಅಂತ ತಿಳಿ."

ಅತ್ತೆ ಮಾತಿನ ಮನುಷ್ಯೆ. ಅಂದರೆ ಮಾತು ತಪ್ಪದವರು ಮಾತ್ರವಲ್ಲ, ಮಾತು ಮುಗಿಸದವರು ಕೂಡ. ದೇವಸ್ಥಾನದ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಕುಳಿತರೆ ನನ್ನ ಮೇಲಿನ ದೂರು ಹತ್ತಿಯ ಹಾಗೆ ಎಳೆದಷ್ಟೂ ಬರುತ್ತಿತ್ತು. "ನನ್ನ ಸೊಸಿ ಹುಳಿ ಮಾಡಿದ್ರ ನಾಲಿಗಿ ಮನಿ ಬಿಟ್ಟು ಓಡ್ತದ" ಅನ್ನುತ್ತಿದ್ದರು. ಆ ಹುಳಿಯನ್ನೇ ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ಹೊರಗಿನವರ ಮುಂದೆ ಒಂದೇ ಒಂದು ಸಲವೂ ನನ್ನನ್ನು ಒಳ್ಳೆಯವಳು ಅಂದಿರಲಿಲ್ಲ. ನಾನೂ ಅದನ್ನು ಅಷ್ಟೇ ಎಂದು ಬಿಟ್ಟಿದ್ದೆ.

ಜನಗಣತಿ ಬಂದಾಗ ಮೇಷ್ಟರುಗಳಿಗೆ ಊರು ಹಂಚಿದರು. ನಮ್ಮ ಶಾಲೆಯ ಹಳ್ಳಿಯ ಅರ್ಧ ನನ್ನ ಪಾಲಿಗೆ ಬಂತು. ಸುತ್ತಿನ ಹಳ್ಳಿಗಳಲ್ಲಿ ಆ ಕೆಲಸ ಸಿಕ್ಕ ಹೆಂಗಸು ನಾನೊಬ್ಬಳೇ. ನಮ್ಮ ಹೆಡ್‌ಮಾಸ್ತರರು ಕಾಗದದ ಕಟ್ಟು ಕೊಡುವಾಗ ಎರಡು ಸಲ ಹಿಂದಕ್ಕೆ ಎಳೆದುಕೊಂಡಂತೆ ಮಾಡಿ ಕೊನೆಗೆ ಕೊಟ್ಟರು. "ನೋಡವ್ವ, ತಪ್ಪಾದ್ರ ನನ್ನ ಕೊರಳಿಗೂ ಬರ್ತೈತಿ" ಅಂದರು. ನಾನು ಅಂದು ಬಸ್ಸಿನಲ್ಲಿ ಆ ಕಟ್ಟನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಬಂದೆ. ಕಂಡಕ್ಟರು ಏನಮ್ಮಾ ಅದು ಎಂದು ಕೇಳಿದ. "ದೇಶ" ಅಂದೆ. ಅರ್ಧ ಟಿಕೆಟ್ಟು ಕೊಡಲೇನು ಅಂದ.

ಮೊದಲ ದಿನ ಕುರುಬರ ಓಣಿ. ಒಬ್ಬ ತಾಯಿ ಹೊಸ್ತಿಲ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳು. ಗೋಣಿಚೀಲ ಕೊಡವಿ ಹಾಸಿ ಕೂರಿಸಿದಳು, ನೀರು ಕೊಟ್ಟಳು. ಮಕ್ಕಳೆಷ್ಟು ಎಂದು ಕೇಳಿದೆ.

"ನಾಕು ಮಂದಿ ಅದಾರ್ರಿ ಅಕ್ಕೋರ."

ನಮ್ಮ ಕಡೆ ಹಳ್ಳಿಯವರು ಹೆಣ್ಣು ಟೀಚರನ್ನು ಅಕ್ಕೋರು ಅನ್ನುತ್ತಾರೆ. ನಾಲ್ವರ ಹೆಸರು ಹೇಳಿದಳು, ಬರೆದುಕೊಂಡೆ. ತಲೆ ಎತ್ತಿದರೆ ಬಾಗಿಲ ಸಂದಿಯಲ್ಲಿ ನನ್ನ ಮೂರನೇ ಕ್ಲಾಸಿನ ಹುಡುಗಿ ನಿಂತಿದ್ದಾಳೆ. ಮಗ್ಗಿ ಒಪ್ಪಿಸುವುದರಲ್ಲಿ, ಕುಂಟಾಬಿಲ್ಲೆ ಆಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಆ ನಾಲ್ಕು ಹೆಸರಿನಲ್ಲಿ ಅವಳ ಹೆಸರಿಲ್ಲ.

"ಈಕಿ ಯಾರು ಮತ್ತ?" ಅಂದೆ.

ತಾಯಿ ಚಾವಣಿಯ ತೊಲೆ ನೋಡಿದಳು. "ಯಾರ್ರಿ?"

"ನಿನ್ನ ಹಿಂದ ನಿಂತಾಳಲ್ಲ, ಬಾಯಾಗ ಬೆಲ್ಲ ಇಟ್ಕೊಂಡು."

"ಆಕಿನಾ? ಆಕಿ ಇರ್ತಾಳ ಬಿಡ್ರಿ. ಬರೀಬ್ಯಾಡ್ರಿ."

ನನಗೆ ಸಿಟ್ಟು ಬಂತು. ಹೆಣ್ಣುಮಗುವೆಂದು ಬಿಟ್ಟಳಲ್ಲ ಎಂದು ಅವಳಿಗೆ ನಾಲ್ಕು ಮಾತು ಪಾಠ ಹೇಳಿ ಎದ್ದೆ. ಅವಳು ನೂಲುವ ಕದಿರು ತಿರುಗಿಸುತ್ತಲೇ ಕೇಳಿಸಿಕೊಂಡಳು. ಮುಂದಿನ ಮನೆಗೆ ಹೋದರೆ ಅಲ್ಲಿಯೂ ಒಬ್ಬರು ಕಡಿಮೆ. ಆದರೆ ಅಲ್ಲಿ ಬಿಟ್ಟದ್ದು ಹುಡುಗಿಯನ್ನಲ್ಲ, ಹಿರಿಯ ಮಗನನ್ನು. ಯುಗಾದಿಯಲ್ಲಿ ಕಲ್ಲುಗುಂಡು ಎತ್ತಿ ಊರೆಲ್ಲ ಬಾಯಿ ತೆರೆಯುವಂತೆ ಮಾಡಿದ ಹುಡುಗ ಅವನು. ನಾನು ಬರೆಯುತ್ತಿರುವಾಗಲೇ ಎರಡು ಕೊಡ ನೀರು ಹೊತ್ತು ಒಳಗೆ ಬಂದ. ತಾಯಿ ಅವನ ಕಡೆ ನೋಡಲೇ ಇಲ್ಲ, ಬಾಡಿಗೆಯವನೇನೋ ಎಂಬಂತೆ. ಮೂರನೆಯದು ಒಕ್ಕಲಿನವರ ಮನೆ. ಅಲ್ಲಿ ತೊಟ್ಟಿಲಲ್ಲಿದ್ದ ಕೂಸು ಲೆಕ್ಕದಲ್ಲಿಲ್ಲ. ತೊಟ್ಟಿಲು ಮಾತ್ರ ತೂಗುತ್ತಲೇ ಇತ್ತು.

ಮಧ್ಯಾಹ್ನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ತಲೆಗೆ ಹೊಳೆಯಿತು. ಯಾವ ಮನೆಯಲ್ಲಿ ಯಾರು ಕಣ್ಣಿಗೆ ಹೊಡೆಯುವಂತಿದ್ದಾರೋ ಅವರೇ ಲೆಕ್ಕದಲ್ಲಿಲ್ಲ. ಆಗ ನನ್ನ ತಾಯಿ ನೆನಪಾದಳು. ಮದ್ದಿಕೇರದಲ್ಲಿ ನಾನಿನ್ನೂ ಲಂಗ ಉಡುತ್ತಿದ್ದಾಗ, ಎಪ್ಪತ್ತೊಂದರ ಗಣತಿಯವನು ಬಂದಾಗ, ಅವಳು ಅಂಗಳದಲ್ಲಿ ಜೋಳ ಅಳೆಯುತ್ತಿದ್ದಳು. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ಮೊದಲನೆಯದನ್ನು ಎಣಿಸಿದರೆ ರಾಶಿ ಸೊರಗುತ್ತದೆ ಎಂದು. ಆ ಸೇರು ಕೈಯಲ್ಲಿ ಹಿಡಿದೇ ಅವಳು ಗಣತಿಯವನಿಗೆ "ಮೂರು ಮಕ್ಕಳು" ಅಂದಿದ್ದಳು. ನಾವು ನಾಲ್ವರು. ಬೆಣ್ಣೆಮುದ್ದೆಯ ಹಾಗಿದ್ದ ನನ್ನ ಕಿರಿಯ ತಮ್ಮನನ್ನು ಬಿಟ್ಟಿದ್ದಳು. ನಾನು ಬಾಯಿ ತೆರೆದದ್ದಕ್ಕೆ ತೊಡೆ ಚಿವುಟಿದ್ದಳು.

ಕುರಿ ಸಾಕುವವರನ್ನು ಕೇಳಿ ನೋಡಿ, ಕುರಿ ಎಷ್ಟು ಎಂದು. "ಹಟ್ಟಿ ತುಂಬ ಅದಾವ್ರಿ" ಅನ್ನುತ್ತಾರೆ, ಅಷ್ಟೇ. ಎಣಿಸಿ ಹೇಳಿದರೆ ಕಣ್ಣು ಬೀಳುತ್ತದೆ. ಕುರಿಗೇ ಹಾಗಿರುವಾಗ ಮಕ್ಕಳ ಗತಿ ಏನು.

ಕಾರಣ ತಿಳಿದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಮರುದಿನ ನೂಲುವ ಆ ತಾಯಿಯ ಹತ್ತಿರ ಮತ್ತೆ ಹೋಗಿ, ಬೈದದ್ದಕ್ಕೆ ಬೇಜಾರಾಗಬೇಡ ಎಂದು ಹೇಳಿ, ನನ್ನ ಜಾಣತನ ತೋರಿಸಿದೆ. "ಸರ್ಕಾರದ ಕಣ್ಣು ಬೀಳಂಗಿಲ್ಲವ್ವ. ಸರ್ಕಾರಕ್ಕ ಕಣ್ಣ ಇಲ್ಲ."

ಅವಳು ಕದಿರು ನಿಲ್ಲಿಸಿ ಕೇಳಿದಳು, "ಕಣ್ಣಿಲ್ಲಂದ್ರ ಎಣಸಾದು ಹೆಂಗ್ರಿ ಅಕ್ಕೋರ?"

ನಾನು ಕಾಗದ ಮಡಚಿಕೊಂಡು ಎದ್ದೆ.

ಬಿಟ್ಟವರನ್ನು ಬಿಟ್ಟೇ ಬರೆದು ಕೊಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಕೆಲವರು ಚಾವಡಿಯ ಕಟ್ಟೆ ಬಿಟ್ಟು ಏಳದೆ ಬರೆದು ಮುಗಿಸುತ್ತಿದ್ದಾರೆಂದು ನನಗೂ ಗೊತ್ತಿತ್ತು. ಆದರೆ ಆ ಹುಡುಗಿ ದಿನಾ ನನ್ನ ಮುಂದೆ ಮೊದಲ ಸಾಲಿನಲ್ಲಿ ಕೂರುವವಳು. ಹಾಜರಿ ಕರೆದಾಗ ಎಲ್ಲರಿಗಿಂತ ಜೋರಾಗಿ ಓಗೊಡುವವಳು. ಅವಳು ಈ ದೇಶದಲ್ಲಿ ಇಲ್ಲ ಎಂದು ನನ್ನ ಕೈಯಾರೆ ಹೇಗೆ ಬರೆಯಲಿ?

ದಾರಿ ಸಿಕ್ಕಿದ್ದು ನಾನು ಹುಡುಕದೆ ಇದ್ದಾಗ. ಬಿಸಿಲಿಗೆ ತಲೆ ನೋಯುತ್ತಿತ್ತು. ಒಂದು ಮನೆಯಲ್ಲಿ ಕಾಗದ ಕೆಳಗಿಟ್ಟು ಗೋಡೆಗೆ ಒರಗಿ, ಸುಮ್ಮನೆ ಮಾತಿಗೆಂದು ಆ ಮನೆಯಾಕೆಯನ್ನು "ಯಾಕವ್ವ ಹಿಂಗ ಸೊರಗಿ? ಮನ್ಯಾಗ ಯಾರ ಕಾಟ ಇಷ್ಟು?" ಎಂದು ಕೇಳಿದೆ.

ಅಷ್ಟೇ ಸಾಕಾಯಿತು. "ಯಾರ್ದಂತ ಹೇಳ್ಲಿ ಅಕ್ಕೋರ. ಹಿರ್ಯಾ ಎತ್ತಿಗಿ ಮೇವು ಹಾಕು ಅಂದ್ರ ಎತ್ತಿನ ಹಂಗ ನೋಡ್ತಾನ. ಎರಡ್ನೇವ ಸಿನಿಮಾ ಅಂತ ಆದೋನಿಗೆ ಓಡ್ತಾನ. ಅವ್ರಪ್ಪಂದು ಬ್ಯಾರೇನ ಕತಿ. ಇನ್ನ ಸಣ್ಣಾಕಿ ಅದಾಳ ನೋಡ್ರಿ, ಕನ್ನಡಿ ಮುಂದಿಂದ ಎದ್ದು ಬರೂದಿಲ್ಲ, ಮಾರಿ ಸವದ ಹೋಗೈತಿ ಕನ್ನಡಿದು."

ಸಣ್ಣಾಕೆ ಎಂಬುವಳು ನನ್ನ ಕಾಗದದಲ್ಲಿ ಇರಲೇ ಇಲ್ಲ. ಈ ತಾಯಿ ಅವಳನ್ನು ಬಚ್ಚಿಟ್ಟು ಇನ್ನೂ ಒಂದು ಗಳಿಗೆ ಆಗಿರಲಿಲ್ಲ, ದೂರು ಹೇಳುವ ಭರದಲ್ಲಿ ತಾನೇ ಕೈಹಿಡಿದು ಹೊರಗೆ ತಂದಳು. ನನ್ನ ತಲೆನೋವು ಹಾರಿಹೋಯಿತು. ಹೊಗಳಿದರೆ ಕಣ್ಣು ಬೀಳುತ್ತದೆ, ಎಣಿಸಿದರೆ ಬೀಳುತ್ತದೆ, ಬೈದರೆ ಬೀಳುವುದಿಲ್ಲ. ಬೈಗುಳ ಎಂದರೆ ಮಗುವಿನ ಕೆನ್ನೆಗೆ ಇಟ್ಟ ಕಾಡಿಗೆಯ ಬೊಟ್ಟು.

ಅಲ್ಲಿಂದ ಮುಂದೆ ನಾನು ಯಾವ ಮನೆಯಲ್ಲೂ ಮೊದಲಿಗೆ ಎಷ್ಟು ಜನ ಎಂದು ಕೇಳಲಿಲ್ಲ. ಕುಳಿತು, ನೀರು ಕುಡಿದು, "ಏನವ್ವ, ಮನ್ಯಾಗ ಯಾರ ಕಾಟ ಜಾಸ್ತಿ?" ಅನ್ನುತ್ತಿದ್ದೆ. ಆಮೇಲೆ ನನ್ನ ಕೈ ಸಾಲುತ್ತಿರಲಿಲ್ಲ. ಗಂಡನ ಬೀಡಿ, ಅತ್ತೆಯ ಕೆಮ್ಮು, ಮೈದುನನ ನಿದ್ದೆ, ಮಕ್ಕಳ ಹೊಟ್ಟೆಬಾಕತನ ಒಂದರ ಹಿಂದೆ ಒಂದು ಬರುತ್ತಿದ್ದವು. ನಾನು ಹೆಸರು, ವಯಸ್ಸು, ಓದು, ಕೆಲಸ ಬರೆದುಕೊಳ್ಳುತ್ತ ಹೋಗುತ್ತಿದ್ದೆ. ಬರೆಯುವುದನ್ನು ಯಾರೂ ತಡೆಯಲಿಲ್ಲ. "ಬರಕೋರಿ, ಬರಕೋರಿ, ಸರ್ಕಾರಕ್ಕೂ ಗೊತ್ತಾಗ್ಲಿ ನಮ್ಮ ಗೋಳು" ಅಂದಳು ಒಬ್ಬ ಮುದುಕಿ.

ನೂಲುವ ತಾಯಿಯ ಮನೆಗೆ ಮೂರನೆಯ ಸಲ ಹೋದೆ. ಮಗ್ಗಿಯ ಹುಡುಗಿ ಒಲೆಯ ಹತ್ತಿರ ಕುಳಿತಿದ್ದಳು.

"ಈಕಿ ಕಾಟ ಹೆಂಗವ್ವ?" ಅಂದೆ.

"ಅಯ್ಯ, ಆಕಿದು ಕೇಳಬ್ಯಾಡ್ರಿ. ನಿಮ್ಮ ಸಾಲಿಗೆ ಬಂದಾಗಿಂದ ಹಿಂಗ ಆಗ್ಯಾಳ. ಗೋಡಿ ತುಂಬ ಮಸಿಲೆ ಬರದಾಳ. ಒಲಿ ಮುಂದ ಕುಂತು ಮಗ್ಗಿ ಹೇಳ್ಕೋತ ರೊಟ್ಟಿ ಹೊತ್ತಿಸ್ತಾಳ. ನಿಮ್ಮ ಮಗ್ಗಿನ ತಿನ್ನಬೇಕು ನಾವು."

ಹುಡುಗಿ ನಕ್ಕಳು. ನಾನು ಅವಳ ಹೆಸರು ಬರೆದೆ. ಓದುಬರಹ ಬರುತ್ತದೆಯೇ ಎಂಬ ಕಡೆ ಬರುತ್ತದೆ ಎಂದು ಬರೆದೆ. ಕಲಿಸಿದವಳು ನಾನೇ ಆದ್ದರಿಂದ ಸ್ವಲ್ಪ ದಪ್ಪಗೇ ಬರೆದೆನೆಂದು ನೆನಪು.

ಸಂಜೆ ಮನೆಗೆ ಬಂದರೆ ಅತ್ತೆ ಹಿಂಬಾಗಿಲಲ್ಲಿ ನಿಂತಿರುತ್ತಿದ್ದರು. ಎಲ್ಲರ ಮನೆಯಲ್ಲೂ ಕುಳಿತು ಬಂದವಳು ಹಿತ್ತಿಲಲ್ಲಿ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುವಂತಿರಲಿಲ್ಲ. ನೀರು ಮಾತ್ರ ಕಾಯಿಸಿಟ್ಟಿರುತ್ತಿದ್ದರು. "ಯಾರ್ಯಾರ ಮನಿ ಗೋಣಿಚೀಲದ ಮ್ಯಾಲೆ ಕೂತು ಬಂದೀಯೋ" ಎಂದು ಬೈಯುತ್ತ ತಾವೇ ತಂಬಿಗೆಯಿಂದ ಸುರಿಯುತ್ತಿದ್ದರು.

ಕೆಲಸ ಮುಗಿಯಿತು. ಕಟ್ಟು ಆದೋನಿಯಿಂದ ಬರುವ ಮೇಲ್ವಿಚಾರಕರಿಗೆ ಹೋಯಿತು. ಅವರು ತೆಲುಗಿನವರು, ಕನ್ನಡ ಬಲ್ಲವರು, ಒಳ್ಳೆಯ ಮನುಷ್ಯರೇ. ಆದರೆ ಹಿಂದಿನ ವರ್ಷ ಮನೆಗಳ ಪಟ್ಟಿ ಮಾಡಿದಾಗ ತಲೆಗಳನ್ನೂ ಅಂದಾಜಿಗೆ ಬರೆದಿದ್ದರಲ್ಲ, ಅದಕ್ಕೂ ನನ್ನ ಲೆಕ್ಕಕ್ಕೂ ತಾಳೆ ಆಗಲಿಲ್ಲ. ನನ್ನದು ಬಹಳ ಜಾಸ್ತಿ. ಮಿಕ್ಕ ಊರುಗಳ ಲೆಕ್ಕವೆಲ್ಲ ಹಳೆಯ ಪಟ್ಟಿಯ ಸನಿಹಕ್ಕೇ ಇತ್ತು. ಅವರು ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹಳ್ಳಿಗೆ ಹೋಗಿ ನಾಲ್ಕಾರು ಮನೆಗಳಲ್ಲಿ ತಾವೇ ಕೇಳಿದರು. ಹೋದಲ್ಲೆಲ್ಲ ನಾನು ಬರೆದದ್ದಕ್ಕಿಂತ ಒಬ್ಬರು ಕಡಿಮೆ ಸಿಕ್ಕರು. ಅಲ್ಲಿಂದ ನೇರ ನಮ್ಮ ಮನೆಗೆ ಬಂದರು.

ಅದು ಮಧ್ಯಾಹ್ನ. ಅಂದು ನಾನು ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದೆ. ಅತ್ತೆ ಪಡಸಾಲೆಯಲ್ಲಿ ಹತ್ತಿಯ ಬೀಜ ಬಿಡಿಸುತ್ತ ಕುಳಿತಿದ್ದರು. ಮೇಲ್ವಿಚಾರಕರು ಕೊಡೆ ಮಡಚಿ ಮೂಲೆಗಿಟ್ಟು, ಚಾಪೆಯ ಮೇಲೆ ಕುಳಿತು, ನನ್ನ ಕಟ್ಟನ್ನು ಮುಂದಿಟ್ಟರು.

"ಏಮಮ್ಮಾ ಟೀಚರಮ್ಮಾ, ನೆರಳಾಗ ಕುಂತು ಮಂದಿನ್ನ ನೀವೇ ಹುಟ್ಟಿಸಿದ್ರೇನು?" ಅಂದರು. "ನಾನೇ ಹೋಗಿ ಕೇಳಿ ಬಂದೀನಿ. ಮನಿಗೊಬ್ಬರು ಜಾಸ್ತಿ ಅದಾರ ನಿಮ್ಮ ಲೆಕ್ಕದಾಗ. ಈ ಭಾಗ ಬೇರೆಯವರಿಗೆ ಕೊಡ್ತೀನಿ. ಮೇಲಕ್ಕ ಬರೀಲೇಬೇಕಾಗ್ತದ, ನನ್ನ ಕೈಯಾಗಿಲ್ಲ."

ಅತ್ತೆಯ ಕೈ ನಿಂತಿತು. ದೂರು ಹೊತ್ತ ಅಧಿಕಾರಿ ನಮ್ಮ ಹೊಸ್ತಿಲು ದಾಟಿ ಒಳಗೇ ಬಂದು ಕುಳಿತಿದ್ದ. ಕರಾರು ಅವರಿಗೂ ನೆನಪಿತ್ತು, ನನಗೂ ಇತ್ತು. ಇವತ್ತಿಗೆ ನನ್ನ ಶಾಲೆ ಮುಗಿಯಿತು ಅಂದುಕೊಂಡೆ. ಆದರೂ ಬಾಯಿ ಸುಮ್ಮನಿರಲಿಲ್ಲ. ಕಣ್ಣು ಬೀಳುವ ಭಯ, ಲಾಭದ ಸೇರು, ಬಿಟ್ಟ ಮಕ್ಕಳು, ಎಲ್ಲವನ್ನೂ ಹೇಳಿದೆ. ಅವರು ತಲೆಯಾಡಿಸಿದರು.

"ಅದು ಕುರಿ ಕಾಯೋ ಮಂದಿ ಮಾತಮ್ಮಾ. ಒಬ್ಬಿಬ್ಬರು ಇರಬಹುದು. ನಾಕು ಅಕ್ಷರ ಕಲಿತವರ ಮನಿಯಾಗ ಹಂಗ ಎಲ್ಲಿ ನಡೀತದ?"

"ಬ್ಯಾರೆ ಎಲ್ಲೂ ಬ್ಯಾಡ್ರಿ" ಅಂದೆ. "ಈ ಮನ್ಯಾಗ ಕೇಳ್ರಿ. ನಮ್ಮ ಅತ್ತಿಯವರನ್ನ ಕೇಳ್ರಿ."

ಆ ಮಾತಿನಲ್ಲಿ ನನಗೊಂದು ಧೈರ್ಯ ಇತ್ತು. ನನ್ನ ಕಿರಿಯ ಮಗ ಆಗ ಗುಂಡುಗುಂಡಗೆ ಇದ್ದ. ಅತ್ತೆ ಅವನನ್ನು ಖಂಡಿತ ಬಿಡುತ್ತಾರೆ, ಇವರು ಕಣ್ಣಾರೆ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳುವಷ್ಟರಲ್ಲಿ ಒಳಗೆ ಹೋಗಿ ಕಾಫಿ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತೆ.

"ಅಮ್ಮಾ, ನಿಮ್ಮ ಮನಿಯಾಗ ಎಷ್ಟು ಮಂದಿ ಇದ್ದೀರಿ?"

ಅತ್ತೆ ಹತ್ತಿಯ ಬೀಜ ಒಂದನ್ನು ಕಿತ್ತು ಪಕ್ಕಕ್ಕಿಟ್ಟರು. "ನಾನು. ನನ್ನ ಮಗ. ಮೊಮ್ಮಕ್ಕಳು ಇಬ್ಬರು. ಅಷ್ಟ."

ಮೇಲ್ವಿಚಾರಕರು ನನ್ನ ಕಡೆ ನೋಡಿದರು. ಊರಿನ ಎಲ್ಲ ಮನೆಯ ಬಿಟ್ಟವರನ್ನು ಹುಡುಕಿ ಬರೆದವಳು, ನನ್ನ ಮನೆಯಲ್ಲಿ ನಾನೇ ಇಲ್ಲ. ಒಂದು ಗಳಿಗೆ, ಕಣ್ಣಿನ ಮಾತು, ಲಾಭದ ಮಾತು ಎಲ್ಲ ಮರೆತೇಹೋಯಿತು. ಇಷ್ಟು ವರ್ಷ ಈ ಮನೆಯ ಒಲೆ ಹಚ್ಚಿದವಳು ಲೆಕ್ಕಕ್ಕೂ ಸಿಗಲಿಲ್ಲವೇ ಎನಿಸಿತು.

"ಮತ್ತ ಈ ಅಮ್ಮ?" ಎಂದು ಅವರು ನನ್ನ ಕಡೆ ಕೈ ತೋರಿಸಿದರು.

ಅತ್ತೆ ಚಾವಣಿಯ ತೊಲೆ ನೋಡಿದರು. "ಯಾರು?"

ಆ ನೋಟ ನಾನು ಕುರುಬರ ಓಣಿಯಲ್ಲಿ ಕಂಡಿದ್ದೆ. ಅದೇ ತೊಲೆ, ಅದೇ 'ಯಾರು'. ಲೋಟ ಮೇಲ್ವಿಚಾರಕರ ಮುಂದಿಟ್ಟು, ನಾನು ಊರೆಲ್ಲ ಕೇಳಿದ್ದನ್ನು ಅತ್ತೆಗೂ ಕೇಳಿದೆ.

"ಅತ್ತೀ, ಮನ್ಯಾಗ ನಿಮಗ ಯಾರ ಕಾಟ ಜಾಸ್ತಿ?"

"ಯಾರ್ದಂದ್ರ? ನಿಂದ" ಅಂದರು ಅತ್ತೆ, ಕಾಯುತ್ತಿದ್ದವರ ಹಾಗೆ. ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿದರು. "ಏನಂತ ಹೇಳ್ಲೆಪಾ. ಇಷ್ಟು ದಿನ ಆತು, ಹೊತ್ತಿಗೆ ಸರಿಯಾಗಿ ಉಂಡಿಲ್ಲ ಈಕಿ. ಬಿಸಲಾಗ ಹೋಗ್ತಾಳ, ಬಿಸಲಾಗ ಬರ್ತಾಳ. ಸುಮ್ನ ಏನೋ ಒಂದು ಬರದು ಕೊಡು, ಸರ್ಕಾರಕ್ಕೇನು ತಿಳೀತದ ಅಂದೆ ನಾನು. ಇಲ್ಲ ಅತ್ತಿ, ಒಂದು ಕೂಸು ಬಿಟ್ರ ಹುಟ್ಟೇ ಇಲ್ಲಂತ ಆಗ್ತದ ಅಂತಾಳ. ನಂಗ ಬುದ್ಧಿ ಹೇಳ್ತಾಳ, ಈ ವಯಸ್ಸಿನಾಗ. ಒಂದ ಮನಿಗೆ ಮೂರು ಮೂರು ಸಲ ಹೋಗ್ಯಾಳ. ಮಾತು ಕೇಳೋದಿಲ್ಲ, ಹಟಮಾರಿ. ಏ, ಕಾಲು ತೋರ್ಸು."

ನಾನು ಸೀರೆಯ ಅಂಚು ಕೆಳಗೆ ಎಳೆದುಕೊಂಡೆ.

"ತೋರ್ಸು ಅಂದೆ. ನೋಡಪಾ ಆಕಿ ಹಿಮ್ಮಡಿ. ಎರಿ ಹೊಲ ಬಿರದಂಗ ಬಿರದಾವ. ನೆರಳಾಗ ಕೂತಾಕಿ ಹಿಮ್ಮಡಿ ಹಿಂಗಿರ್ತಾವೇನು?"

ಮೇಲ್ವಿಚಾರಕರು ನನ್ನ ಹಿಮ್ಮಡಿ ನೋಡಿ, ಕಟ್ಟು ನೋಡಿ, ಕಾಫಿ ಕುಡಿದರು. ಲೋಟ ಕೆಳಗಿಡುವಾಗ ನಗುತ್ತಿದ್ದರು. "ಅಷ್ಟು ಕಾಟ ಕೊಡೋ ಸೊಸಿನ್ನ ಲೆಕ್ಕಕ್ಕ ಯಾಕ ಹಿಡೀಲಿಲ್ಲಮ್ಮಾ ಮತ್ತ?"

"ಊರೂರು ಅಡ್ಡಾಡಾಕಿ" ಅಂದರು ಅತ್ತೆ, ತಗ್ಗಿದ ದನಿಯಲ್ಲಿ, ನನಗೆ ಕೇಳಿಸಬಾರದೆಂಬಂತೆ. "ಎಷ್ಟು ಮಂದಿ ಕಣ್ಣು ಬಿದ್ದಾವೋ ಏನೋ. ನಿನ್ನ ಕಾಗದದಾಗ ಬ್ಯಾರೆ ಹಾಕಬೇಕೇನು?"

ಮರುದಿನ ಮೇಲ್ವಿಚಾರಕರು ನನ್ನ ಜೊತೆಯಲ್ಲೇ ಹಳ್ಳಿಗೆ ಬಂದರು. ಮೊದಲ ಮನೆಯಲ್ಲಿ ತಾವೇ ಕೇಳುತ್ತೇನೆಂದು ಹೊರಟು, ಕಿಸೆಯಿಂದ ಪೆನ್ನು ತೆಗೆದು, ನೆಟ್ಟಗೆ ನಿಂತು, "ಯಾರ ಕಾಟ ಜಾಸ್ತಿಯಮ್ಮಾ?" ಅಂದರು. ಆ ಮನೆಯಾಕೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಸದ್ಯಕ್ಕ ನಿಮ್ದ ರೀ" ಅಂದಳು. ಆಮೇಲೆ ಪೆನ್ನು ಕಿಸೆಗಿಟ್ಟು ಹಿಂದೆ ನಿಂತರು. ನಾನು ಕುಳಿತು ಕೇಳಿದೆ. ಸಂಜೆಯವರೆಗೆ ಮನೆಯಿಂದ ಮನೆಗೆ ದೂರು ಕೇಳಿದೆವು. ನಾನು ಬರೆದ ಒಂದು ಹೆಸರನ್ನೂ ಅವರು ಹೊಡೆದುಹಾಕಲಿಲ್ಲ. ಬದಲಿಗೆ ನನಗೂ ತಪ್ಪಿಹೋಗಿದ್ದ ಒಬ್ಬ ಅಜ್ಜ ಸಿಕ್ಕಿದ. ಅವನನ್ನು ಯಾರೂ ಬಚ್ಚಿಟ್ಟಿರಲಿಲ್ಲ, ಅಟ್ಟದ ಮೇಲೆ ಮಲಗಿದ್ದ, ಅಷ್ಟೇ.

ವಾರದೊಳಗೆ ಆಲೂರಿನಲ್ಲಿ ಗಣತಿಯ ಮೇಷ್ಟರುಗಳನ್ನೆಲ್ಲ ಸೇರಿಸಿದರು. ಕೊನೆಯ ಸುತ್ತಿಗೆ ಮತ್ತೊಮ್ಮೆ ಮನೆಗಳಿಗೆ ಹೋಗಿ ನೋಡಬೇಕಿತ್ತು. ಮೇಲ್ವಿಚಾರಕರು ನನ್ನನ್ನು ಎದುರಿಗೆ ನಿಲ್ಲಿಸಿ, ನೀವು ಕೇಳುವ ರೀತಿ ಹೇಳಿ ಅಂದರು. ಪಂಚೆ, ಪ್ಯಾಂಟು, ಬಿಳಿ ಮೀಸೆ, ಎಲ್ಲ ಗಂಡಸರೇ. ನನ್ನ ಹೆಡ್‌ಮಾಸ್ತರರು ಮುಂದಿನ ಬೆಂಚಿನಲ್ಲಿದ್ದರು. ನನಗೆ ಮೂರನೇ ಕ್ಲಾಸಿಗೆ ಪಾಠ ಮಾಡಿ ರೂಢಿ, ಹಾಗೇ ಮಾಡಿದೆ. ಮಧ್ಯದಲ್ಲಿ ನಮ್ಮ ಹೆಡ್‌ಮಾಸ್ತರರನ್ನೇ ಕೇಳಿದೆ, ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಸಾರ್ ಎಂದು. ಅವರು ಹೇಳಿದರು. ಪಕ್ಕದಲ್ಲಿ ಕುಳಿತವರು, ಅವರ ನೆರೆಮನೆಯವರು, "ಮೆಟ್ರಿಕ್ ಪಾಸಾದ ಮಗನ್ನ ಬಿಟ್ರಲ್ರೀ" ಅಂದರು. ಆ ಸಭೆಯಲ್ಲಿ ಎದ್ದ ನಗು ನನಗೆ ಇವತ್ತಿಗೂ ಕೇಳಿಸುತ್ತದೆ. ಹೆಡ್‌ಮಾಸ್ತರರೂ ನಕ್ಕರು. ಹೊರಗೆ ಬಂದ ಮೇಲೆ, ಇನ್ನು ಮುಂದೆ ಕಟ್ಟು ಕೊಡುವಾಗ ಹಿಂದಕ್ಕೆ ಎಳೆಯುವುದಿಲ್ಲವ್ವ ಅಂದರು.

ಅತ್ತೆಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ದೇವಸ್ಥಾನದ ಕಟ್ಟೆಯ ಮೇಲೆ, "ಬಾಯಿ ಭಾಳ ಆಗ್ಯದ ನನ್ನ ಸೊಸಿದು. ಈಗ ಮಾಸ್ತರುಗಳಿಗೂ ಪಾಠ ಹೇಳ್ತಾಳಂತ" ಅನ್ನುತ್ತಿದ್ದರು. ಅದೇ ದೂರು, ಅದೇ ದನಿ. ಆದರೆ ನನಗೆ ಈಗ ಅದನ್ನು ಕೇಳಲು ಬರುತ್ತಿತ್ತು. ಹೂವು ಕೊಳ್ಳುವ ನೆಪದಲ್ಲಿ ಒಂದಿಷ್ಟು ಹೊತ್ತು ಹೆಚ್ಚಿಗೇ ನಿಂತು ಕೇಳಿದೆ. ಕರಾರಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನು ಶಾಲೆ ಬಿಟ್ಟದ್ದು ಸರ್ಕಾರವೇ ವಯಸ್ಸಾಯಿತು ಅಂದ ಮೇಲೆ.

ಇನ್ನೊಂದು ಮಾತು ಉಳಿಯಿತು. ನಮ್ಮ ಓಣಿಯ ಗಣತಿ ನನ್ನದಲ್ಲ, ಬೇರೆ ಮೇಷ್ಟರದು. ಅವರು ಮೊದಲ ಸುತ್ತಿನಲ್ಲಿ ನಮ್ಮ ಮನೆಗೆ ಬಂದಾಗ ನಾನು ಹಳ್ಳಿಯಲ್ಲಿದ್ದೆ. ಅತ್ತೆ ಅವರಿಗೂ ನಾಲ್ಕೇ ಮಂದಿ ಬರೆಸಿದ್ದರಂತೆ. ಕೊನೆಯ ಸುತ್ತಿಗೆ ಬಂದಾಗಲೂ ನಾನಿರಲಿಲ್ಲ. ಆದರೆ ಅವರು ಆಲೂರಿನ ಸಭೆಯಲ್ಲಿ ನನ್ನ ಪಾಠ ಕೇಳಿದ್ದವರು. ಹೊಸ್ತಿಲಲ್ಲಿ ಕುಳಿತು, "ಅಮ್ಮಾ, ಮನ್ಯಾಗ ನಿಮಗ ಯಾರ ಕಾಟ ಜಾಸ್ತಿ?" ಅಂದರಂತೆ. ಕಾಫಿ ಆರುವವರೆಗೆ ನನ್ನ ಮೇಲೆ ದೂರು ಕೇಳಿ ನನ್ನ ಹೆಸರು ಬರೆದುಕೊಂಡು ಹೋದರು. ನಾನು ಕಲಿಸಿದ ಪ್ರಶ್ನೆಯಿಂದಲೇ ನಾನು ಈ ದೇಶದ ಲೆಕ್ಕಕ್ಕೆ ಬಂದೆ.

ಅವತ್ತು ಸಂಜೆ ಮನೆಗೆ ಬಂದಾಗ ಅತ್ತೆ ಹಿಂಬಾಗಿಲಲ್ಲಿ ಇರಲಿಲ್ಲ. ಒಲೆಯ ಹತ್ತಿರ ಮಣೆ ಹಾಕಿ ಕಾಯುತ್ತಿದ್ದರು.

"ಆ ಮಾಸ್ತರ ಕೇಳಿದ ರೀತಿಗೆ ಬಾಯಿ ತಪ್ಪಿ ನಿನ್ನ ಹೆಸರು ಬಂದುಬಿಡ್ತು" ಅಂದರು. "ಬಾ, ಕೂಡು."

ಕುಳಿತೆ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನ್ನ ತಲೆಯ ಸುತ್ತ ದೃಷ್ಟಿಯ ಇಳಿ ತೆಗೆದರು. ಕುರುಬರ ಓಣಿಯ ಕಣ್ಣು, ಒಕ್ಕಲಿನವರ ಕಣ್ಣು, ಮಾಸ್ತರುಗಳ ಕಣ್ಣು, ಸರ್ಕಾರದ ಕಣ್ಣು ಎಂದು ಒಂದೊಂದನ್ನೂ ಹೆಸರು ಹಿಡಿದು ಕರೆದರು. ಲೆಕ್ಕದಲ್ಲಿ ಯಾರನ್ನೂ ಬಿಡಲಿಲ್ಲ. ಆಮೇಲೆ ಎಲ್ಲವನ್ನೂ ಒಲೆಗೆ ಎಸೆದರು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

"ನೋಡು" ಅಂದರು ಅತ್ತೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಒಂದು ಚೂರು ಘಾಟಿಲ್ಲ. ಎಷ್ಟು ದೃಷ್ಟಿ ಆಗಿತ್ತು ನಿನಗ."

ನನ್ನ ಮೂಗು ಉರಿಯುತ್ತಿತ್ತು, ಗಂಟಲಿನವರೆಗೆ ಕೆಮ್ಮು ಬಂದು ನಿಂತಿತ್ತು. ತುಟಿ ಬಿಗಿಹಿಡಿದು, "ಹೌದು ಅತ್ತಿ, ಘಾಟ ಇಲ್ಲ" ಅಂದೆ.